ಹಗ್ಗ ತಂದುಕೊಟ್ಟವನ ಪಾಲೆಷ್ಟು?

ಸಂಪಾದಕರಿಗೆ ನಮಸ್ಕಾರ.

ನಾನು ಚಿಂತಾಮಣಿ ತಾಲ್ಲೂಕಿನವನು. ಬೋರ್‌ವೆಲ್ ಮೋಟರ್ ರಿವೈಂಡಿಂಗ್ ಮಾಡುವ ಸಣ್ಣ ಅಂಗಡಿ ಇಟ್ಟುಕೊಂಡಿದ್ದೇನೆ. ಪೇಪರಿಗೆ ಬರೆದು ಅಭ್ಯಾಸವಿಲ್ಲ, ನಾನು ಬರೆಯುವುದೇನಿದ್ದರೂ ಬಿಲ್ ಬುಕ್ಕಿನಲ್ಲಿ. ತಪ್ಪಿದ್ದರೆ ತಿದ್ದಿಕೊಳ್ಳಿ. ಉದ್ದವಾದರೆ ಕತ್ತರಿಸಿ, ಹಗ್ಗದ ವಿಷಯ ಮಾತ್ರ ಉಳಿಸಿ.

ಮೊನ್ನೆ ಟೀ ಅಂಗಡಿಯಲ್ಲಿ ಒಬ್ಬರು ಪೇಪರ್ ಓದುತ್ತಾ ಕೂತಿದ್ದರು. ಎಲ್ಲೋ ಗುಂಪು ಸೇರಿ ಹೊಡೆದು ಒಬ್ಬನನ್ನು ಸಾಯಿಸಿದ ಸುದ್ದಿ. ಓದಿ ಮಡಿಸಿಟ್ಟು, "ನೂರು ಜನ ಹೊಡೆದಿದ್ದಾರೆ, ಯಾರ ಏಟಿಗೆ ಸತ್ತ ಅಂತ ಯಾವ ಕೋರ್ಟ್ ಹೇಳುತ್ತೆ? ಕೇಸ್ ನಿಲ್ಲಲ್ಲ ಬಿಡಿ" ಅಂದರು. ಪಕ್ಕದವರು ನಗುತ್ತಾ, "ಊರಿಗೆ ಊರೇ ಮಾಡಿದ್ದು ಅಂದ್ರೆ ಯಾರೂ ಮಾಡಿಲ್ಲ ಅಂತ" ಅಂದರು. ಟೀ ಅಂಗಡಿಯವನೂ ನಕ್ಕ. ನಾನೂ ಸ್ವಲ್ಪ ನಕ್ಕೆ ಅನ್ನಿಸುತ್ತೆ. ಅಂಗಡಿಗೆ ಬಂದು ಕೂತ ಮೇಲೆ ಯಾಕೋ ಕೈ ಕೆಲಸದ ಮೇಲೆ ಓಡಲಿಲ್ಲ.

ಯಾಕೆ ಅಂತ ಹೇಳಬೇಕಾದರೆ 2019ರ ಬೇಸಿಗೆಯ ಒಂದು ರಾತ್ರಿಯ ಕಥೆ ಹೇಳಬೇಕು. ಊರಿನ ಹೆಸರು ಬೇಡ. ನಮ್ಮ ತಾಲ್ಲೂಕಿನದೇ ಒಂದು ಊರು, ಅಲ್ಲಿ ಒಬ್ಬರ ಮೋಟರ್ ಇಳಿಸುವ ಕೆಲಸ ಮುಗಿಸಿ ವಾಪಸ್ ಹೊರಟಿದ್ದೆ. ಎಂಟೂವರೆ ಒಂಬತ್ತಾಗಿತ್ತು. ಊರ ಮುಂದೆ ಕರೆಂಟ್ ಕಂಬದ ಹತ್ತಿರ ಗುಂಪು. ಆ ತಿಂಗಳಲ್ಲಿ ಆ ಊರಲ್ಲಿ ಮೂರು ತೋಟದ ಕೇಬಲ್ ಕಳುವಾಗಿತ್ತು. ನಮ್ಮ ಕಡೆ ಬೋರ್ ಅಂದರೆ ಸಾವಿರ ಅಡಿ, ಸಾವಿರದ ಇನ್ನೂರು ಅಡಿ. ಅಷ್ಟುದ್ದದ ಕೇಬಲ್ ಹೋದರೆ ರೈತನಿಗೆ ಎಷ್ಟು ಸಾವಿರ ಹೋಯಿತು ಅಂತ ಲೆಕ್ಕ ಹಾಕಿಕೊಳ್ಳಿ. ಮೇಲಿಂದ ಎರಡು ದಿನ ನೀರು ಬಿಡದಿದ್ದರೆ ಟೊಮೆಟೊ ಗಿಡ ಬಾಡಿ ಹೋಗುತ್ತೆ. ಕಂಪ್ಲೇಂಟ್ ಕೊಡಲು ಹೋದರೆ "ಯಾರ ಮೇಲೆ ಅನುಮಾನ ಹೇಳಿ" ಅಂತಾರೆ. ಹಾಗಾಗಿ ಕೋಪ ಇತ್ತು. ಅದು ಸುಳ್ಳು ಕೋಪ ಅಲ್ಲ, ಅದನ್ನು ನಾನು ಒಪ್ಪುತ್ತೇನೆ.

ಕಂಬಕ್ಕೆ ಒಬ್ಬನನ್ನು ಕಟ್ಟಿದ್ದರು. ಗುಜರಿ ಆಯುವವನು, ಇಪ್ಪತ್ತೈದು ಇಪ್ಪತ್ತಾರು ವಯಸ್ಸಿರಬಹುದು. ಬೇರೆ ಕಡೆಯವನು. ಅಂಗಿ ಹರಿದು ಹೋಗಿತ್ತು. ಅವನ ಟಿವಿಎಸ್ ಗಾಡಿ ಮೋರಿಯಲ್ಲಿ ಬಿದ್ದಿತ್ತು. ಚೀಲದಲ್ಲಿ ತಾಮ್ರದ ತಂತಿ ಸಿಕ್ಕಿತ್ತು, ಅಷ್ಟು ಸಾಕಾಯಿತು. ನಮ್ಮ ಕಡೆ ಜನಕ್ಕೆ ಕೋಪ ಬಂದರೆ ಬಾಯಿಗೆ ತೆಲುಗು ಬರುತ್ತೆ, ಹಿಂದಿನಿಂದ "ಕೊಟ್ಟಂಡ್ರಾ ವಾಣ್ಣಿ", ಅಂದರೆ ಹೊಡೀರೋ ಅವನನ್ನ, ಅಂತ ಕೂಗುತ್ತಿದ್ದರು. ಕೂಗುತ್ತಿದ್ದವರು ಹೊಡೆಯುತ್ತಿರಲಿಲ್ಲ. ಹೊಡೆಯುತ್ತಿದ್ದವರು ನಾಲ್ಕೈದೇ ಜನ. ಉಳಿದ ನಲವತ್ತೈವತ್ತು ಜನ ಸುತ್ತ ನಿಂತಿದ್ದರು, ಮೊಬೈಲ್ ಬೆಳಕು ಅವನ ಮುಖಕ್ಕೆ ಬಿಟ್ಟುಕೊಂಡು.

ನನ್ನನ್ನು ನೋಡಿದ್ದೇ ಒಬ್ಬರು ಕೈ ಹಿಡಿದು ಒಳಗೆ ಎಳೆದುಕೊಂಡರು. "ಮೋಟರ್ ಅಣ್ಣ ಬಂದ, ಅವನು ಹೇಳಲಿ. ಇದು ಬೋರ್ ವೈರ್ ಅಲ್ವಾ?" ಅಂತ ಚೀಲ ನನ್ನ ಮುಂದೆ ಸುರಿದರು.

ನೋಡಿದ ಕ್ಷಣಕ್ಕೇ ನನಗೆ ಗೊತ್ತಾಯಿತು. ಬೋರಿಗೆ ಬಿಡುವ ಕೇಬಲ್ ಚಪ್ಪಟೆಯಾಗಿರುತ್ತೆ, ಒಳಗೆ ಕೂದಲಿನಂಥ ಸಣ್ಣ ಎಳೆಗಳ ಗೊಂಚಲು. ಇದು ಒಂಟಿ ಗಟ್ಟಿ ಎಳೆ, ಸ್ಲಾಟ್‌ನಲ್ಲಿ ಕೂತು ಕೂತು ಎರಡೂ ತುದಿ ಬಾಗಿಕೊಂಡಿದ್ದು, ಅಲ್ಲಲ್ಲಿ ಕರಕಲು. ಸುಟ್ಟ ಮೋಟರಿನಿಂದ ಬಿಚ್ಚಿದ ವೈಂಡಿಂಗ್, ಅಂದರೆ ಮೋಟರ್ ಒಳಗೆ ಸುತ್ತಿರುವ ತಂತಿ. ಅದು ತೋಟದಲ್ಲಿ ಸಿಗುವ ಮಾಲೇ ಅಲ್ಲ, ನನ್ನಂಥವನ ಅಂಗಡಿಯಲ್ಲಿ ತೂಕಕ್ಕೆ ಮಾರುವ ಮಾಲು. ಅವನು ನನ್ನ ಅಂಗಡಿಗೂ ಎರಡು ಮೂರು ಸಲ ಬಂದಿದ್ದ. ಆ ಚೀಲದಲ್ಲಿ ನಾನೇ ಮಾರಿದ್ದು ಇತ್ತೋ ಇಲ್ಲವೋ ಆಣೆ ಮಾಡಿ ಹೇಳಲಾರೆ, ಆದರೆ ಇದ್ದಿರಬಹುದು.

ಗೊತ್ತಿದ್ದೂ ನಾನು ಹೇಳಿದ್ದು ಏನು ಗೊತ್ತಾ? "ಕತ್ತಲಲ್ಲಿ ಸರಿಯಾಗಿ ಕಾಣಿಸ್ತಿಲ್ಲ" ಅಂದೆ.

ಅಷ್ಟು ಮೊಬೈಲ್ ಬೆಳಕಿತ್ತು! ಹೆದರಿಕೊಂಡೆ ಸಾರ್. ಆ ಊರಲ್ಲಿ ನನಗೆ ಹದಿನೈದಿಪ್ಪತ್ತು ಗಿರಾಕಿಗಳು. "ಕಳ್ಳನ ಪರ ನಿಂತ" ಅನ್ನಿಸಿಕೊಂಡರೆ ಕೆಲಸ ಹೋಗುತ್ತೆ, ಅಥವಾ ಆ ಕಂಬಕ್ಕೆ ಇನ್ನೊಬ್ಬನಿಗೂ ಜಾಗ ಇದೆ ಅಂತ ಅನ್ನಿಸಿತು. ನಾನು ಹಾಗಂದ ಮೇಲೆ ಮತ್ತೆ ಹೊಡೆದರು. ಒಬ್ಬನ ಕೈಯಲ್ಲಿ ಜಿಐ ಪೈಪಿನ ತುಂಡಿತ್ತು. ಅದು ನಾನು ಅವತ್ತು ಸಂಜೆ ಕತ್ತರಿಸಿ ಬಿಸಾಕಿದ್ದ ಪೈಪೇ ಇರಬಹುದು, ಗೊತ್ತಿಲ್ಲ, ಆಮೇಲೆ ಎಷ್ಟೋ ದಿನ ಇದನ್ನೇ ಯೋಚನೆ ಮಾಡಿದ್ದೇನೆ.

ಕೊನೆಗೆ ಬಂದಿದ್ದು ಶಾಲೆಯಲ್ಲಿ ಬಿಸಿಯೂಟ ಮಾಡುವ ಅಕ್ಕ. ಕೈಯಲ್ಲಿ ಒಂದು ಚೊಂಬು ನೀರು. ಯಾರನ್ನೂ ಬೈಯಲಿಲ್ಲ. "ನೀರು ಕುಡೀಲಿ, ಆಮೇಲೆ ಏನಾದ್ರೂ ಮಾಡ್ಕೊಳ್ಳಿ" ಅಂತ ಸೀದಾ ಒಳಗೆ ಬಂದರು. ನೀರು ಕುಡಿಸುತ್ತಿರುವ ಹೆಂಗಸಿನ ಪಕ್ಕದಲ್ಲಿ ಕೈ ಎತ್ತಲು ಹುಡುಗರಿಗೆ ಆಗಲಿಲ್ಲ. ಕುಡಿಸಿ ತಿರುಗಿ ನನ್ನ ಕಡೆ ನೋಡಿ, "ಅಣ್ಣಾ, ದಿನಾ ಇದೇ ತಂತಿ ಮಧ್ಯ ಇರೋನು ನೀನು. ನಿನಗೆ ಗೊತ್ತಾಗಲ್ವಾ?" ಅಂದರು. ಆಗ ಹೇಳಿದೆ. ಇದು ಕೇಬಲ್ ಅಲ್ಲ, ವೈಂಡಿಂಗ್, ನಾವೇ ಮಾರ್ತೀವಿ ಅಂತ. ಗುಂಪು ಒಂದು ನಿಮಿಷ ಸುಮ್ಮನಾಯಿತು. ಆಮೇಲೆ ಒಬ್ಬೊಬ್ಬರೇ ಕರಗಿದರು. ಪೊಲೀಸರು ಬರುವ ಹೊತ್ತಿಗೆ ಕಂಬದ ಹತ್ತಿರ ಏಳು ಜನ ಇದ್ದೆವು.

ಆ ಹುಡುಗ ಬದುಕಿದ. ಎಡಗೈ ಮುರಿದಿತ್ತು. ಠಾಣೆಯಲ್ಲಿ ರಾಜಿ ಮಾಡಿಸಿದರು. ಆಸ್ಪತ್ರೆ ಖರ್ಚಿಗೆ ಅಂತ ಊರವರು ಐದು ಸಾವಿರ ಕೊಟ್ಟರು, ಅವನು ಒಂದು ಪೇಪರಿಗೆ ಹೆಬ್ಬೆಟ್ಟು ಒತ್ತಿದ. ಕೇಸೂ ಇಲ್ಲ, ಗೀಸೂ ಇಲ್ಲ.

ಈ ಕಥೆಯನ್ನು ನನ್ನ ಗಿರಾಕಿಯೊಬ್ಬರು, ಕೋರ್ಟಿನಲ್ಲಿ ಕ್ರಿಮಿನಲ್ ಕೇಸ್ ನಡೆಸುವ ವಕೀಲರು, ಅವರ ತೋಟದ ಮೋಟರ್ ಬಿಚ್ಚಿಟ್ಟುಕೊಂಡು ಕೂತಿದ್ದಾಗ ಹೇಳಿದೆ. ಅವರು ಕೇಳಿಸಿಕೊಂಡು, "ಅವನು ಸತ್ತಿದ್ದರೆ ಅಂತ ಇಟ್ಕೋ. ಯಾರು ಯಾರು ಏನೇನು ಮಾಡಿದರು ಹೇಳು" ಅಂದರು. ಹೇಳುತ್ತಾ ಹೋದೆ. ಒಬ್ಬ ಮನೆಗೆ ಓಡಿ ಎಮ್ಮೆ ಕಟ್ಟುವ ಹಗ್ಗ ತಂದಿದ್ದ. ಇಬ್ಬರು ಕಟ್ಟಿದ್ದರು. ಒಬ್ಬ ಬೈಕನ್ನು ರಸ್ತೆಗೆ ಅಡ್ಡ ನಿಲ್ಲಿಸಿದ್ದ, ಅವನು ಓಡದ ಹಾಗೆ. ಒಬ್ಬ ಫೋನ್ ಮಾಡಿ ಪಕ್ಕದ ಊರಿನ ಹುಡುಗರನ್ನು ಕರೆಸಿದ್ದ. ನಾಲ್ಕೈದು ಜನ ಹೊಡೆದಿದ್ದರು. ಒಬ್ಬ ವಿಡಿಯೊ ಮಾಡುತ್ತಾ "ಇನ್ನೊಂದು ಬಿಡು, ಬೆಳಕಿಗೆ ಬಾ" ಅನ್ನುತ್ತಿದ್ದ.

"ಇವರಲ್ಲಿ ಕೊಲೆ ಮಾಡಿದವರು ಎಷ್ಟು ಜನ?" ಅಂತ ಕೇಳಿದರು. ನಾನು ನಾಲ್ಕೈದು ಅಂದೆ. "ಹತ್ತೂ ಜನ" ಅಂದರು.

ಟೀ ಅಂಗಡಿಯವರಿಗೆ ಗೊತ್ತಿಲ್ಲದ್ದು ಇದೇ. ಯಾರ ಏಟಿಗೆ ಪ್ರಾಣ ಹೋಯಿತು ಅಂತ ಕೋರ್ಟ್ ಹುಡುಕಬೇಕಾಗಿಯೇ ಇಲ್ಲ. ಹಳೆಯ ಐಪಿಸಿಯಲ್ಲಿ 149ನೇ ಸೆಕ್ಷನ್ ಅಂತ ಇತ್ತು, ಬ್ರಿಟಿಷರ ಕಾಲದ್ದು. ಈಗ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದ ಮೇಲೆ ಅದೇ ಮಾತು 190ನೇ ಸೆಕ್ಷನ್‌ನಲ್ಲಿದೆ. ಐದು ಅಥವಾ ಅದಕ್ಕಿಂತ ಜಾಸ್ತಿ ಜನ ಒಂದು ಅಪರಾಧದ ಉದ್ದೇಶ ಇಟ್ಟುಕೊಂಡು ಸೇರಿದರೆ ಅದು ಕಾನೂನುಬಾಹಿರ ಕೂಟ. ಆ ಉದ್ದೇಶಕ್ಕಾಗಿ ಅವರಲ್ಲಿ ಒಬ್ಬ ಏನು ಮಾಡಿದರೂ, ಅಥವಾ ಹೀಗಾಗಬಹುದು ಅಂತ ಉಳಿದವರಿಗೆ ಗೊತ್ತಿದ್ದರೂ, ಆ ಹೊತ್ತಿನಲ್ಲಿ ಕೂಟದಲ್ಲಿದ್ದ ಪ್ರತಿಯೊಬ್ಬನೂ ಅದೇ ಅಪರಾಧ ಮಾಡಿದ ಹಾಗೆ. ಕೈಯೆತ್ತಿ ಹೊಡೆದಿರಲೇಬೇಕು ಅಂತೇನಿಲ್ಲ. 1964ರಲ್ಲೇ ಮಸಲ್ತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಹೇಳಿಬಿಟ್ಟಿದೆ. ಐದು ಜನ ಇಲ್ಲದಿದ್ದರೂ, ಇಬ್ಬರು ಮೂವರು ಒಂದೇ ಮನಸ್ಸು ಮಾಡಿ ಮಾಡಿದರೆ ಅದಕ್ಕೆ ಬೇರೆ ಕಲಮು ಇದೆ, ಹಿಂದೆ 34, ಈಗ 3(5).

ಕೊಲೆಗೆ ಕುಮ್ಮಕ್ಕು ಕೊಟ್ಟವನು ಅಲ್ಲೇ ನಿಂತಿದ್ದರೆ ಅವನೇ ಕೊಲೆ ಮಾಡಿದ ಹಾಗೆ, ಅದು 54ನೇ ಸೆಕ್ಷನ್. "ಇನ್ನೊಂದು ಬಿಡು" ಅಂದ ವಿಡಿಯೊದವನು ಅಲ್ಲಿಗೆ ಬರುತ್ತಾನೆ. ಅವನ ಮೊಬೈಲೇ ಅವನ ಮೇಲೆ ಸಾಕ್ಷಿ.

"ಹಾಗಾದ್ರೆ ನಾನು?" ಅಂತ ಕೇಳಿದೆ. ವಕೀಲರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಸುಮ್ನೆ ದಾರೀಲಿ ಹೋಗ್ತಾ ನಿಂತವನನ್ನು ಕಾನೂನು ಹಿಡಿಯಲ್ಲಪ್ಪ. ನೋಡೋಕೆ ಬಂದವನು ಬೇರೆ, ಕೂಟದವನು ಬೇರೆ, ಅದನ್ನೂ ಕೋರ್ಟ್‌ಗಳು ಹಿಂದಿನಿಂದ ಹೇಳ್ತಾ ಬಂದಿವೆ. ಆದ್ರೆ ನೀನು ಗೊತ್ತಿದ್ದೂ 'ಹೌದು, ಇದು ಬೋರ್ ವೈರೇ' ಅಂದಿದ್ರೆ, ನಾನು ಸರ್ಕಾರಿ ವಕೀಲ ಆಗಿದ್ರೆ, ನಿನ್ನನ್ನ ಸಾಕ್ಷಿ ಪಟ್ಟಿಯಿಂದ ತೆಗೆದು ಆರೋಪಿ ಪಟ್ಟಿಗೆ ಹಾಕೋಕೆ ನೋಡ್ತಿದ್ದೆ."

"ಕತ್ತಲಲ್ಲಿ ಕಾಣಿಸ್ತಿಲ್ಲ" ಅಂದಿದ್ದಕ್ಕೆ ಏನು ಅಂತ ನಾನು ಕೇಳಲಿಲ್ಲ.

ಸರಿ, ಕಾನೂನು ಇಷ್ಟು ಗಟ್ಟಿ ಇದ್ದರೆ ಟೀ ಅಂಗಡಿಯಲ್ಲಿ ಜನ ಯಾಕೆ ನಗುತ್ತಾರೆ? ಅವರು ಸುಮ್ಮನೆ ನಗಲ್ಲ. ನಮ್ಮ ತಾಲ್ಲೂಕಿನವರಿಗೆ ಕಂಬಾಲಪಲ್ಲಿ ಗೊತ್ತು. 2000ನೇ ಇಸವಿ ಮಾರ್ಚ್ 11. ಆಗ ನಾವಿನ್ನೂ ಕೋಲಾರ ಜಿಲ್ಲೆ. ಏಳು ಜನ ದಲಿತರನ್ನು ಮನೆಯಲ್ಲಿ ಕೂಡಿಹಾಕಿ ಬೆಂಕಿ ಹಚ್ಚಿ ಸುಟ್ಟರು. ರಾತ್ರಿ ಯಾರೋ ಒಬ್ಬ ಕದ್ದು ಬಂದು ಹಚ್ಚಿದ ಬೆಂಕಿ ಅಲ್ಲ ಅದು, ಗುಂಪಾಗಿ ಬಂದು ಹಚ್ಚಿದ್ದು. 2006ರಲ್ಲಿ ಕೋಲಾರದ ಕೋರ್ಟಿನಲ್ಲಿ ಎಲ್ಲ ಆರೋಪಿಗಳೂ ಖುಲಾಸೆ. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಕಾರಣ, ಸಾಕ್ಷಿಗಳು ತಿರುಗಿಬಿದ್ದಿದ್ದರು. ಏಳು ಹೆಣ ಇದೆ, ಸುಟ್ಟ ಮನೆ ಇದೆ, ಕೊಂದವರು ಯಾರೂ ಇಲ್ಲ. "ಊರಿಗೆ ಊರೇ ಅಂದ್ರೆ ಯಾರೂ ಅಲ್ಲ" ಅನ್ನುವ ಮಾತು ನಮ್ಮ ಕಡೆ ಹುಟ್ಟಿದ್ದು ಆಶ್ಚರ್ಯ ಅಲ್ಲ ಬಿಡಿ.

ಸಾಕ್ಷಿ ತಿರುಗಿಬೀಳುವುದು ಅಂದರೆ ಜನ ದುಡ್ಡು ತಿಂದರು ಅಂತ ಅಂದುಕೊಳ್ಳುತ್ತಾರೆ. ತಿಂದವರೂ ಇರಬಹುದು. ಆದರೆ ಹಳ್ಳಿಯಲ್ಲಿ ಬದುಕಿದವರಿಗೆ ಬೇರೆಯದೂ ಗೊತ್ತು. ನಿಮ್ಮ ಹೊಲಕ್ಕೆ ಹೋಗುವ ದಾರಿ ಅವರ ಬದುವಿನ ಮೇಲೆ. ನಿಮ್ಮ ಹಾಲು ಹಾಕಬೇಕಾಗಿದ್ದು ಅವರು ನಡೆಸುವ ಡೈರಿಗೆ. ಕೂಲಿಗೆ ಕರೆಯುವವರು ಅವರು. ಆರು ವರ್ಷ ಆದ ಮೇಲೆ ಕೋರ್ಟಿನಿಂದ ಸಮನ್ಸ್ ಬಂದಾಗ, ಕಟಕಟೆಯಲ್ಲಿ ನಿಂತು "ಇವನೇ, ಇವನೇ" ಅಂತ ಬೆರಳು ತೋರಿಸಿ ಸಂಜೆ ಅದೇ ಬಸ್ಸಿನಲ್ಲಿ ಅವರ ಜೊತೆಗೇ ಊರಿಗೆ ವಾಪಸ್ ಬರಬೇಕು. ಹೆದರಿಕೆ ಅಂದರೆ ಏನು ಅಂತ ನನಗೆ ಗೊತ್ತು ಸಾರ್. ನಾನು ಆ ಊರಿನವನೂ ಅಲ್ಲ, ಆ ರಾತ್ರಿ ನನ್ನ ಬಾಯಿಂದ ನಿಜ ಬರಲು ಒಂದು ಚೊಂಬು ನೀರು ಬೇಕಾಯಿತು.

ಅದೇ ನಮ್ಮ ಪಕ್ಕದ ತುಮಕೂರು ಜಿಲ್ಲೆ ನೋಡಿ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಗೋಪಾಲಪುರದಲ್ಲಿ 2010ರಲ್ಲಿ ಒಬ್ಬ ದಲಿತ ಹೆಂಗಸನ್ನು ಗುಂಪು ಸೇರಿ ಕೊಂದಿತ್ತು. 2024ರ ನವೆಂಬರ್‌ನಲ್ಲಿ ತುಮಕೂರಿನ ಕೋರ್ಟ್ 21 ಜನಕ್ಕೆ ಜೀವಾವಧಿ ಶಿಕ್ಷೆ ಕೊಟ್ಟಿತು. ಒಂದು ಸಾವಿಗೆ ಇಪ್ಪತ್ತೊಂದು ಜನ. ಕಾನೂನು ಕೆಲಸ ಮಾಡುತ್ತೆ ಅನ್ನಲು ಇದಕ್ಕಿಂತ ಬೇರೆ ಉದಾಹರಣೆ ಬೇಕಾ? ಆದರೆ ಹದಿನಾಲ್ಕು ವರ್ಷ ಹಿಡಿಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಗಂಗಾವತಿ ತಾಲ್ಲೂಕಿನ ಮರಕುಂಬಿ ಕೇಸಿನಲ್ಲಿ ಕೊಪ್ಪಳದ ಕೋರ್ಟ್ 98 ಜನಕ್ಕೆ ಜೀವಾವಧಿ ಕೊಟ್ಟಿತ್ತು. ಅದು ಕೊಲೆ ಅಲ್ಲ, 2014ರಲ್ಲಿ ದಲಿತರ ಗುಡಿಸಲಿಗೆ ಬೆಂಕಿ ಹಚ್ಚಿದ ಕೇಸು. ಆಮೇಲೆ ಬಹುತೇಕರಿಗೆ ಹೈಕೋರ್ಟಿನಲ್ಲಿ ಜಾಮೀನು ಸಿಕ್ಕಿತು, ಅದು ಅವರ ಹಕ್ಕು. ನಾನು ಹೇಳುತ್ತಿರುವುದು ಇಷ್ಟೇ, ತುಂಬಾ ಜನ ಇದ್ದಾರೆ ಅನ್ನುವ ಒಂದೇ ಕಾರಣಕ್ಕೆ ಕೇಸ್ ಬಿದ್ದುಹೋಗಲ್ಲ. ಬೀಳುವುದು ಮೊದಲ ಹತ್ತು ದಿನದಲ್ಲಿ ಸರಿಯಾಗಿ ಬರೆದುಕೊಳ್ಳದೆ ಇದ್ದರೆ.

ಇದು ನನ್ನ ಕೆಲಸದ ಹಾಗೇ. ಮೋಟರ್ ಸುಟ್ಟಾಗ ಬಿಚ್ಚುವ ಮೊದಲು ಎಷ್ಟು ಸುತ್ತು, ಯಾವ ಗೇಜು, ಯಾವ ತುದಿ ಯಾವುದಕ್ಕೆ ಸೇರಿತ್ತು ಅಂತ ಬರೆದುಕೊಳ್ಳಬೇಕು. ಕಿತ್ತು ಗುಡ್ಡೆ ಹಾಕಿದ ಮೇಲೆ ನೆನಪಿನಿಂದ ಜೋಡಿಸುತ್ತೇನೆ ಅಂದರೆ ಆ ಮೋಟರ್ ತಿರುಗಲ್ಲ.

ಗುಂಪಿನ ಕೇಸಲ್ಲಿ ಎಫ್‌ಐಆರ್ ಹೇಗಿರುತ್ತೆ ಅಂತ ನೀವೇ ಪೇಪರಿನಲ್ಲಿ ಹಾಕಿರುತ್ತೀರಿ: ಮೂವರ ಹೆಸರು, ಆಮೇಲೆ "ಮತ್ತು ಇತರರು". ಈ "ಇತರರು" ಅನ್ನುವ ಪದದಷ್ಟು ಕೆಟ್ಟ ಪದ ಇಲ್ಲ. ಅದು ಎರಡೂ ಕಡೆಗೆ ಕೊಯ್ಯುತ್ತೆ. ನಿಜವಾಗಿ ಹಗ್ಗ ತಂದವನು ಆ ಪದದೊಳಗೆ ಬಚ್ಚಿಟ್ಟುಕೊಳ್ಳುತ್ತಾನೆ. ಇನ್ನೊಂದು ಕಡೆ, ಹಳೇ ಜಮೀನು ಜಗಳ ಇಟ್ಟುಕೊಂಡವನು ಆ ರಾತ್ರಿ ಬೆಂಗಳೂರಿನಲ್ಲಿದ್ದವನ ಹೆಸರನ್ನೂ ಅದರೊಳಗೆ ತುರುಕಿಸುತ್ತಾನೆ. ಊರಿನ ಗಂಡಸರೆಲ್ಲ ತಲೆ ಮರೆಸಿಕೊಳ್ಳುತ್ತಾರೆ, ಹಸು ಕರೆಯಲು ಹೆಂಗಸರು ಮಾತ್ರ ಉಳಿಯುತ್ತಾರೆ. ತಪ್ಪು ಮಾಡಿದವನೂ ಓಡುತ್ತಾನೆ, ಮಾಡದವನೂ ಓಡುತ್ತಾನೆ. ಗುಂಪಿನ ಕೇಸಲ್ಲಿ ಒಬ್ಬನೇ ಸಾಕ್ಷಿಯ ಬಾಯಿಮಾತಿಗೆ ಸುಮ್ಮನೆ ನೇತುಹಾಕಬೇಡಿ, ಇಬ್ಬರು ಮೂವರು ಒಂದೇ ರೀತಿ ಹೇಳುತ್ತಾರಾ ನೋಡಿ ಅಂತ ಅದೇ 1964ರ ತೀರ್ಪಿನಲ್ಲಿ ಇದೆಯಂತೆ. ಸರಿಯಾದ ಮಾತು. ಹಾಗಾಗಿಯೇ ಹೆಸರು ಹೆಸರಾಗಿ, ಇವನು ಹಗ್ಗ ತಂದ, ಇವನು ಬೈಕ್ ಅಡ್ಡ ಹಾಕಿದ, ಇವನು ಬರೀ ನಿಂತಿದ್ದ ಅಂತ ಮೊದಲ ವಾರದಲ್ಲೇ ಬರೆಸಿಕೊಳ್ಳಬೇಕು. ಅದೂ ಠಾಣೆಯಲ್ಲಿ ಅಲ್ಲ, ಮ್ಯಾಜಿಸ್ಟ್ರೇಟರ ಮುಂದೆ. ಹಿಂದೆ 164ನೇ ಹೇಳಿಕೆ ಅನ್ನುತ್ತಿದ್ದರು, ಈಗ ತನಿಖೆ, ವಿಚಾರಣೆ ಹೇಗೆ ನಡೆಯಬೇಕು ಅಂತ ಹೇಳುವ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 183. ಪೊಲೀಸರ ಮುಂದೆ ಹೇಳಿದ್ದನ್ನು ಆಮೇಲೆ "ನಾನು ಹೇಳೇ ಇಲ್ಲ" ಅನ್ನಬಹುದು, ಮ್ಯಾಜಿಸ್ಟ್ರೇಟರ ಮುಂದೆ ಪ್ರಮಾಣ ಮಾಡಿ ಹೇಳಿದ್ದನ್ನು ಹಾಗೆ ನುಂಗುವುದು ಅಷ್ಟು ಸುಲಭ ಅಲ್ಲ.

ಹೊಸ ನ್ಯಾಯ ಸಂಹಿತೆಯಲ್ಲಿ ಗುಂಪು ಹತ್ಯೆಗೇ ಅಂತ ಒಂದು ಕಲಮು ಬಂದಿದೆ, 103(2). ಐದು ಅಥವಾ ಹೆಚ್ಚು ಜನ ಒಟ್ಟಾಗಿ ಜನಾಂಗ, ಜಾತಿ ಅಥವಾ ಸಮುದಾಯ, ಲಿಂಗ, ಹುಟ್ಟಿದ ಸ್ಥಳ, ಭಾಷೆ, ವೈಯಕ್ತಿಕ ನಂಬಿಕೆ ಅಥವಾ ಅಂಥದ್ದೇ ಬೇರೆ ಕಾರಣಕ್ಕೆ ಕೊಂದರೆ, ಗುಂಪಿನ ಪ್ರತಿಯೊಬ್ಬನಿಗೂ ಮರಣದಂಡನೆ ಅಥವಾ ಜೀವಾವಧಿ, ಜೊತೆಗೆ ದಂಡ. ಸಾಯದೆ ಮೂಳೆಗೀಳೆ ಮುರಿದರೆ 117(4), ಏಳು ವರ್ಷದವರೆಗೆ ಜೈಲು. ಓದಲು ಚೆನ್ನಾಗಿದೆ. ಆದರೆ ಪಟ್ಟಿಯಲ್ಲಿ "ಕಳ್ಳತನದ ಅನುಮಾನ" ಇಲ್ಲ ನೋಡಿ. "ಮಕ್ಕಳ ಕಳ್ಳ ಅಂದುಕೊಂಡೆವು" ಅನ್ನುವುದೂ ಇಲ್ಲ. ನಮ್ಮ ಕಡೆ ಕಂಬಕ್ಕೆ ಕಟ್ಟುವುದೇ ಈ ಎರಡು ಕಾರಣಕ್ಕೆ. ಆರೋಪಿ ಕಡೆ ವಕೀಲರು ಮೊದಲ ದಿನವೇ "ಸ್ವಾಮಿ, ಜಾತಿಗೆ ಹೊಡೆದಿದ್ದಲ್ಲ, ಕಳ್ಳ ಅಂತ ಹೊಡೆದಿದ್ದು" ಅಂತಾರೆ. ಅಂಥದ್ದೇ ಬೇರೆ ಕಾರಣ ಅನ್ನುವುದರಲ್ಲಿ ಇದು ಬರುತ್ತಾ ಇಲ್ಲವಾ ಅಂತ ವರ್ಷಗಟ್ಟಲೆ ವಾದ ನಡೆಯಬಹುದು. ಹಾಗಾಗಿ ಪೊಲೀಸರು 103(2) ಒಂದನ್ನೇ ನೆಚ್ಚಿಕೊಂಡು ಕೂರಬಾರದು, ಮಾಮೂಲಿ ಕೊಲೆಯ 103(1) ಜೊತೆಗೆ 190 ಹಾಕಿಯೇ ಹಾಕಬೇಕು ಅಂತ ನಮ್ಮ ವಕೀಲರು ಹೇಳುತ್ತಾರೆ. ನನಗೂ ಸರಿ ಅನ್ನಿಸಿತು. ಒಂದು ಫ್ಯೂಸ್ ಹೋದರೆ ಇನ್ನೊಂದು ಇರಬೇಕು.

ಇನ್ನೊಂದು ಮಾತು. ಕಳ್ಳ ಅಂತ ಅನ್ನಿಸಿಕೊಳ್ಳುವವನು ಯಾರು ಅಂತಲೂ ನೋಡಬೇಕಲ್ವಾ? 2022ರ ಏಪ್ರಿಲ್‌ನಲ್ಲಿ ಗುಬ್ಬಿ ತಾಲ್ಲೂಕಿನ ಪೆದ್ದನಹಳ್ಳಿಯಲ್ಲಿ ಇಬ್ಬರು ಯುವಕರನ್ನು ಹೊಡೆದು ಕೊಂದರು, ಕಳ್ಳತನದ ಅನುಮಾನದಲ್ಲಿ ಅಂತ ಪೇಪರಿನಲ್ಲಿ ಬಂತು. ಇಬ್ಬರೂ ದಲಿತರು. ನಾನು ನೋಡಿದ ಗುಜರಿಯವನು ಬೇರೆ ಊರಿನವನು, ಬೇರೆ ಭಾಷೆಯವನು, ಕೇಳುವವರಿಲ್ಲದವನು. ಊರಿನಲ್ಲಿ ಬಡ್ಡಿ ವ್ಯವಹಾರ ಮಾಡಿ ಹತ್ತು ಮನೆ ನುಂಗಿದವನನ್ನು ಯಾರೂ ಎಮ್ಮೆ ಹಗ್ಗದಲ್ಲಿ ಕಟ್ಟಿದ್ದು ನಾನಂತೂ ನೋಡಿಲ್ಲ.

2018ರಲ್ಲಿ ಮಕ್ಕಳ ಕಳ್ಳರ ವಾಟ್ಸಾಪ್ ಸುದ್ದಿ ಬಂದಾಗ ನೆನಪಿದೆಯಾ? ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನಿಂದ ಬಂದಿದ್ದ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಸತ್ತರು. ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದೇ ತಪ್ಪಾಯಿತು. ಅವರ ಕಾರು ಮುಂದಿನ ಊರಿಗೆ ಬರುವಷ್ಟರಲ್ಲಿ ಅವರ ವಿಡಿಯೊ ಬಂದಿತ್ತು, ಅಲ್ಲಿ ರಸ್ತೆಗೆ ಅಡ್ಡ ಕಟ್ಟಿ ಕಾಯುತ್ತಿದ್ದರು. ಬಂಧಿತರಲ್ಲಿ ವಾಟ್ಸಾಪ್ ಗುಂಪಿನ ಅಡ್ಮಿನ್ ಕೂಡ ಇದ್ದ. ಅದಾಗಿ ನಾಲ್ಕೇ ದಿನಕ್ಕೆ, ಜುಲೈ 17ಕ್ಕೆ, ಸುಪ್ರೀಂ ಕೋರ್ಟ್ ತೆಹಸೀನ್ ಪೂನಾವಾಲಾ ಪ್ರಕರಣದಲ್ಲಿ ಎಲ್ಲ ರಾಜ್ಯಗಳಿಗೂ ಆದೇಶ ಕೊಟ್ಟಿತು. ಗುಂಪು ಹಿಂಸೆ ತಡೆಯುವ ಹೊಣೆಗೆ ಪ್ರತಿ ಜಿಲ್ಲೆಗೂ ಎಸ್‌ಪಿ ದರ್ಜೆಯ ಒಬ್ಬ ನೋಡಲ್ ಅಧಿಕಾರಿ, ವಿಚಾರಣೆ ಆದಷ್ಟು ಆರು ತಿಂಗಳಲ್ಲಿ ಮುಗಿಯಬೇಕು, ಸತ್ತವರ ಮನೆಯವರಿಗೆ ಪರಿಹಾರ, ಕೆಲಸ ಮಾಡದ ಅಧಿಕಾರಿ ಮೇಲೆ ಕ್ರಮ. ಆರು ತಿಂಗಳು! ಗೋಪಾಲಪುರದ ಹದಿನಾಲ್ಕು ವರ್ಷದ ಪಕ್ಕ ಇಟ್ಟು ನೋಡಿ.

ಕೊನೆಯ ಅಂಶ, ಅಧಿಕಾರಿ ಮೇಲೆ ಕ್ರಮ ಅನ್ನುವುದು, ಬರೀ ಕಾಗದದ ಮೇಲಿಲ್ಲ. 2025ರ ಏಪ್ರಿಲ್‌ನಲ್ಲಿ ಮಂಗಳೂರಿನ ಕುಡುಪು ಹತ್ತಿರ ಕ್ರಿಕೆಟ್ ಮೈದಾನದಲ್ಲಿ ಗುಂಪು ಒಬ್ಬನನ್ನು ಕೊಂದಾಗ ಮೊದಲು ಅಸಹಜ ಸಾವು ಅಂತ ಬರೆದುಕೊಂಡಿದ್ದರು. ಆಮೇಲೆ 103(2) ಹಾಕಿದರು, ಸುಮಾರು ಇಪ್ಪತ್ತು ಜನರನ್ನು ಹಿಡಿದರು, ನಿರ್ಲಕ್ಷ್ಯ ಮಾಡಿದ ಪೊಲೀಸರನ್ನು ಸಸ್ಪೆಂಡ್ ಮಾಡಿದರು. ನಾನು ಮೇಲೆ ಹೇಳಿದ ಮೊದಲ ಹತ್ತು ದಿನ ಅಂದರೆ ಇದೇ.

ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ನೋಡಲ್ ಅಧಿಕಾರಿ ಯಾರು ಅಂತ ನಾನು ಐದಾರು ಜನರನ್ನು ಕೇಳಿದೆ. ಒಬ್ಬರಿಗೂ ಗೊತ್ತಿಲ್ಲ. ಗ್ರಾಮ ಪಂಚಾಯ್ತಿ ಗೋಡೆ ಮೇಲೆ ನರೇಗಾ ಕೂಲಿ ಎಷ್ಟು ಅಂತ ಬರೆದಿದ್ದಾರೆ, ಕಸ ಹಾಕಿದರೆ ಎಷ್ಟು ದಂಡ ಅಂತ ಬರೆದಿದ್ದಾರೆ. ಅದರ ಪಕ್ಕದಲ್ಲೇ ಆ ಅಧಿಕಾರಿಯ ನಂಬರ್ ಒಂದನ್ನು ಬರೆಸಲು ಎಷ್ಟು ಪೇಂಟ್ ಬೇಕು? ಜೊತೆಗೆ ಎರಡು ಸಾಲು: ಕಟ್ಟಿಹಾಕಿದವನೂ, ಹಗ್ಗ ಕೊಟ್ಟವನೂ, ದಾರಿ ಅಡ್ಡ ಹಾಕಿದವನೂ ಕೊಲೆ ಕೇಸಿಗೆ ಬರುತ್ತಾನೆ ಅಂತ. ಹುಡುಗರಿಗೆ ಇದು ನಿಜವಾಗಿಯೂ ಗೊತ್ತಿಲ್ಲ ಸಾರ್. ಹೊಡೆದರೆ ಮಾತ್ರ ಕೇಸು ಅಂದುಕೊಂಡಿದ್ದಾರೆ. ಹಗ್ಗ ತಂದ ಆ ಹುಡುಗ ಈಗ ಮದುವೆಯಾಗಿ ಒಂದು ಮಗು ಇದೆ, ಒಳ್ಳೆಯವನೇ, ಮೋಟರ್ ಎತ್ತುವಾಗ ನನಗೆ ಕೈ ಜೋಡಿಸುತ್ತಾನೆ. ಆ ಅಕ್ಕ ಹತ್ತು ನಿಮಿಷ ತಡ ಮಾಡಿದ್ದರೆ ಅವನು ಇವತ್ತು ಎಲ್ಲಿರುತ್ತಿದ್ದ?

ಹಾಗಾದರೆ ಕಳ್ಳ ಸಿಕ್ಕರೆ ಬಿಟ್ಟುಬಿಡಬೇಕಾ ಅಂತ ಕೇಳುತ್ತಾರೆ. ಬೇಡ, ಯಾರೂ ಹಾಗೆ ಹೇಳಿಲ್ಲ. ಜಾಮೀನು ಸಿಗದಂಥ, ಪೊಲೀಸರು ವಾರಂಟ್ ಇಲ್ಲದೆ ಹಿಡಿಯಬಹುದಾದ ಅಪರಾಧವನ್ನು ಯಾರಾದರೂ ನಿಮ್ಮ ಕಣ್ಣ ಮುಂದೆ ಮಾಡಿದರೆ ನೀವೇ ಹಿಡಿಯಬಹುದು. ಸುರಕ್ಷಾ ಸಂಹಿತೆಯ 40ನೇ ಸೆಕ್ಷನ್ ಅದಕ್ಕೆ ಹಕ್ಕು ಕೊಡುತ್ತೆ, ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು ಅಂತಲೂ ಹೇಳುತ್ತೆ. ಕಣ್ಣ ಮುಂದೆ ಅನ್ನುವುದು ಮುಖ್ಯ. ಚೀಲದಲ್ಲಿ ತಾಮ್ರ ಇಟ್ಟುಕೊಂಡು ರಸ್ತೆಯಲ್ಲಿ ಹೋಗುವುದು ಅಪರಾಧ ಅಲ್ಲ, ಹಾಗಿದ್ದರೆ ಮೊದಲು ನನ್ನನ್ನೇ ಕಟ್ಟಬೇಕು. ಪೊಲೀಸರೂ ಕೇಬಲ್ ಕಳ್ಳತನದ ಕಂಪ್ಲೇಂಟನ್ನು ಮೊದಲ ದಿನವೇ ಬರೆದುಕೊಂಡು, ತಾಮ್ರ ಕರಗಿಸುವ ಕಡೆ ನಾಲ್ಕು ಸಲ ಹೋಗಿ ವಿಚಾರಿಸಿದರೆ ಕಂಬದ ಹತ್ತಿರ ಗುಂಪು ಸೇರುವುದು ಅರ್ಧ ಕಮ್ಮಿ ಆಗುತ್ತೆ. ಕದ್ದವನು ಒಂದು ಕಡೆ ಇರುತ್ತಾನೆ, ಕೊಳ್ಳುವವನು ಎಲ್ಲರಿಗೂ ಗೊತ್ತಿರುತ್ತಾನೆ, ಅಷ್ಟು ಹೇಳಿ ನಿಲ್ಲಿಸುತ್ತೇನೆ, ನನಗೂ ಇದೇ ಊರಲ್ಲಿ ಅಂಗಡಿ ಇಡಬೇಕು.

ಸಾಕ್ಷಿಗಳ ರಕ್ಷಣೆಗೆ 2018ರಲ್ಲೇ ಸುಪ್ರೀಂ ಕೋರ್ಟ್ ಒಂದು ಯೋಜನೆಗೆ ಒಪ್ಪಿಗೆ ಕೊಟ್ಟಿದೆ, ಸುರಕ್ಷಾ ಸಂಹಿತೆಯ 398ನೇ ಸೆಕ್ಷನ್ ಕೂಡ ಪ್ರತಿ ರಾಜ್ಯವೂ ಯೋಜನೆ ಮಾಡಬೇಕು ಅನ್ನುತ್ತೆ. ಅರ್ಜಿ ಎಲ್ಲಿ ಕೊಡಬೇಕು, ಎಷ್ಟು ದಿನಕ್ಕೆ ರಕ್ಷಣೆ ಸಿಗುತ್ತೆ, ಬಸ್ಸಿನಲ್ಲಿ ವಾಪಸ್ ಬರುವಾಗ ಜೊತೆಗೆ ಯಾರು ಇರುತ್ತಾರೆ, ಇದನ್ನು ನಿಮ್ಮ ಪತ್ರಿಕೆಯಲ್ಲಿ ಒಂದು ದಿನ ಬಿಡಿಸಿ ಬರೆಯಿರಿ. ಆ ಬಿಸಿಯೂಟದ ಅಕ್ಕನಂಥವರು ಪ್ರತಿ ಊರಲ್ಲೂ ಒಬ್ಬರಾದರೂ ಇರುತ್ತಾರೆ. ಅವರು ಆ ರಾತ್ರಿ ಬಂದರು, ಮಾರನೇ ದಿನ ಅವರ ಮನೆ ಮುಂದೆ ಯಾರೋ ಸಗಣಿ ಸುರಿದು ಹೋಗಿದ್ದರು. ಅದಕ್ಕೂ ಕೇಸಿಲ್ಲ.

ಆ ಗುಜರಿ ಹುಡುಗ ಮತ್ತೆ ನಮ್ಮ ಕಡೆ ಬರಲಿಲ್ಲ. ಈಗ ಅವನ ಬಾಮೈದ ಬರುತ್ತಾನೆ, ಶನಿವಾರ ಶನಿವಾರ. ಮೊದಲ ದಿನವೇ ತೂಕ ಹಾಕಿದ ಮೇಲೆ ದುಡ್ಡು ಕೊಟ್ಟು ಹೋಗದೆ ನಿಂತುಕೊಂಡ. "ಏನಪ್ಪಾ?" ಅಂದೆ. "ಅಣ್ಣಾ, ಒಂದು ಚೀಟಿ ಬರೆದುಕೊಡಿ" ಅಂದ. ಅವತ್ತಿನಿಂದ ಬಿಲ್ ಬುಕ್ಕಿನಲ್ಲಿ ಬರೆದುಕೊಡುತ್ತೇನೆ: ಸುಟ್ಟ ವೈಂಡಿಂಗ್ ತಾಮ್ರ, ಇಷ್ಟು ಕೆಜಿ, ನಮ್ಮ ಅಂಗಡಿಯಿಂದ ಕೊಂಡಿದ್ದು, ತಾರೀಖು, ಸೀಲು, ನನ್ನ ಫೋನ್ ನಂಬರ್. ಅವನು ಅದನ್ನು ನಾಲ್ಕು ಮಡಿಕೆ ಮಾಡಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಅಂಗಿಯ ಒಳಜೇಬಿಗೆ ಇಟ್ಟುಕೊಂಡು, ಗುಂಡಿ ಹಾಕಿದ್ದು ಸರಿಯಾಗಿದೆಯಾ ಅಂತ ಒಂದು ಸಲ ಮುಟ್ಟಿ ನೋಡಿಕೊಂಡು ಹೋಗುತ್ತಾನೆ. ಹೋದ ಶನಿವಾರ ನಾಲ್ಕೂವರೆ ಕೆಜಿ ಬರೆದುಕೊಟ್ಟೆ.

ಇಂತಿ,
ಮೋಟರ್ ರಿವೈಂಡಿಂಗ್ ಕೆಲಸಗಾರ, ಚಿಂತಾಮಣಿ ತಾಲ್ಲೂಕು
(ಹೆಸರು ಹಾಕಬೇಡಿ. ಯಾಕೆ ಅಂತ ಮೇಲೆ ಬರೆದಿದ್ದೇನೆ.)